ಮೂರು ಕಾರ್ಬುರೇಟರ್‌ಗಳ ಕಾರು, ಅದರ ಒಡೆಯ

ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರನ್ನು ಓಡಿಸಿ ಬಲ್ಲ ಓದುಗರಿಗೆ ಕಾರ್ಬುರೇಟರಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಘಾಟಿಯ ಏರಿನಲ್ಲಿ ಗಾಡಿ ನಿಂತಾಗ ಜೆಟ್ಟನ್ನು ಬಿಚ್ಚಿ, ಬಾಯಿಂದ ಊದಿ, ಮತ್ತೆ ಕೂಡಿಸಿ ಹೊರಟವರು ನಮ್ಮಲ್ಲಿ ಹಲವರಿದ್ದಾರೆ. ಅಂಥ ಒಂದು ಕಾರ್ಬುರೇಟರನ್ನು ಹದದಲ್ಲಿ ಇರಿಸಿಕೊಳ್ಳುವುದೇ ಪ್ರಯಾಸದ ಕೆಲಸ. ಹೀಗಿರುವಾಗ, ಒಂದೇ ಎಂಜಿನಿನ ಮೇಲೆ ಎರಡನ್ನೋ ಮೂರನ್ನೋ ಸಾಲಾಗಿ ಕೂರಿಸಿದ ಕಾರುಗಳನ್ನು ಅಮೆರಿಕದಲ್ಲಿ ಅರುವತ್ತು ವರ್ಷಗಳ ಬಳಿಕವೂ ಮನೆಯ ಮಗುವಿನಂತೆ ಸಾಕುತ್ತಿರುವವರನ್ನು ಕಂಡರೆ ಯಾರಿಗಾದರೂ ಸೋಜಿಗವೆನಿಸೀತು. ‘ಮಸಲ್ ಕಾರ್’ ಎಂದು ಹೆಸರಾದ ಈ ವಾಹನಗಳನ್ನು ಕುರಿತು ಈ ವಾರ ನಾಲ್ಕು ಮಾತು.

ಇವುಗಳ ಚರಿತ್ರೆಯಲ್ಲಿ ದೊಡ್ಡ ಹೆಸರು ಪಾಂಟಿಯಾಕ್ ಜಿ.ಟಿ.ಒ. ಅದು ಹುಟ್ಟಿದ್ದೇ ಒಂದು ಕಟ್ಟುಪಾಡಿನಿಂದ ನುಣುಚಿಕೊಂಡು. ಮಧ್ಯಮ ಗಾತ್ರದ ಕಾರುಗಳಿಗೆ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟರ್ಸ್ ಸಂಸ್ಥೆ ತನ್ನ ವಿಭಾಗಗಳಿಗೆ ವಿಧಿಸಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ೧೯೬೪ರ ಟೆಂಪೆಸ್ಟ್ ಕಾರಿಗೆ ೩೮೯ ಘನ ಅಂಗುಲದ, ಎಂದರೆ ಸುಮಾರು ೬.೪ ಲೀಟರಿನ ಎಂಟು ಸಿಲಿಂಡರ್ ಎಂಜಿನನ್ನು ಅಳವಡಿಸಿದರು. ನಿಯಮ ಅನ್ವಯಿಸುತ್ತಿದ್ದುದು ಪ್ರತ್ಯೇಕ ಮಾದರಿಗಳಿಗೆ. ಆದುದರಿಂದ ಇದನ್ನು ಮಾದರಿಯೆಂದು ಕರೆಯದೆ, ಸುಮಾರು ೨೯೬ ಡಾಲರುಗಳ ‘ಹೆಚ್ಚುವರಿ ಸೌಲಭ್ಯ’ವೆಂದು ಮಾರಿದರು. ಒಂದು ಕಾರ್ಬುರೇಟರಿನ ಎಂಜಿನಿಗೆ ೩೨೫ ಅಶ್ವಶಕ್ತಿ. ಇನ್ನಷ್ಟು ಹಣ ಕೊಟ್ಟು ‘ಟ್ರೈ-ಪವರ್’ ಎಂಬ ಮೂರು ಕಾರ್ಬುರೇಟರ್‌ಗಳ ಜೋಡಣೆಯನ್ನು ಪಡೆದವರಿಗೆ ೩೪೮. ಐದು ಸಾವಿರ ಕಾರು ಮಾರಾಟವಾದೀತೆಂದು ಎಣಿಸಿದ್ದಲ್ಲಿ ಮೊದಲ ವರ್ಷವೇ ೩೨,೪೫೦ ಮಾರಿಹೋದವು.

ಮೂರು ಏತಕ್ಕೆ? ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಪೆಟ್ರೋಲನ್ನು ಮೇಲಕ್ಕೆ ಸೆಳೆದು ತುಂತುರಾಗಿಸುತ್ತದೆ. ಕೊರಳು ಕಿರಿದಾಗಿದ್ದರೆ ನಿಧಾನದ ಓಟ ಸುಗಮ, ಆದರೆ ದೊಡ್ಡ ಎಂಜಿನ್ ಭರದಿಂದ ತಿರುಗುವಾಗ ಅದಕ್ಕೆ ಉಸಿರು ಸಾಲದು. ಕೊರಳು ಅಗಲವಾದರೆ ನಿಧಾನದಲ್ಲಿ ಸೆಳೆತವೇ ಇಲ್ಲ. ಈ ಇಬ್ಬಂದಿಗೆ ಕಂಡುಕೊಂಡ ಜಾಣ ಉಪಾಯ ಇದು: ಪೇಟೆಯ ಓಡಾಟಕ್ಕೆ ನಡುವಿನ ಕಾರ್ಬುರೇಟರ್ ಒಂದೇ ಸಾಕು, ಚಾಲಕ ಪೆಡಲನ್ನು ಒಂದು ಹಂತದಿಂದಾಚೆಗೆ ತುಳಿದಾಗ ಮಾತ್ರ ಮುಂದಿನ ಹಾಗೂ ಹಿಂದಿನ ಎರಡೂ ತೆರೆದುಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಈ ಕೆಲಸವನ್ನು ಸರಳುಗಳ ಸಂಪರ್ಕ ಮಾಡಿದರೆ, ಉಳಿದವುಗಳಲ್ಲಿ ಎಂಜಿನಿನ ನಿರ್ವಾತ ಮಾಡುತ್ತದೆ. ಕ್ರೈಸ್ಲರ್ ಸಂಸ್ಥೆ ೧೯೬೬ರಲ್ಲಿ ರಸ್ತೆಗಿಳಿಸಿದ ೪೨೬ ಹೆಮಿ ಎಂಜಿನಿಗೆ ನಾಲ್ಕು ಕೊರಳಿನ ಎರಡು ಕಾರ್ಬುರೇಟರ್‌ಗಳಿದ್ದವು; ೧೯೬೯ರ ‘ಸಿಕ್ಸ್ ಪ್ಯಾಕ್’ಗೆ ಎರಡು ಕೊರಳಿನ ಮೂರು. ಜನರಲ್ ಮೋಟರ್ಸ್ ಮಾತ್ರ ೧೯೬೭ರ ಮಾದರಿಗಳಿಂದಲೇ, ಕಾರ್ವೆಟ್ಟನ್ನು ಹೊರತುಪಡಿಸಿ, ಈ ಪದ್ಧತಿಯನ್ನು ನಿಲ್ಲಿಸಿಬಿಟ್ಟಿತು.

ಜಾಣ ಉಪಾಯಕ್ಕೆ ತೆರಬೇಕಾದ ಬೆಲೆಯೂ ಉಂಟು. ಹೊರಗಿನ ಎರಡು ಕಾರ್ಬುರೇಟರ್‌ಗಳು ವಾರಗಟ್ಟಲೆ ಕೆಲಸವಿಲ್ಲದೆ ಕುಳಿತಿರುತ್ತವೆ. ಅವುಗಳ ಬಟ್ಟಲಿನ ಪೆಟ್ರೋಲ್ ಆವಿಯಾಗಿ ತಳದಲ್ಲಿ ಅಂಟು ಉಳಿಯುತ್ತದೆ, ಗ್ಯಾಸ್ಕೆಟ್ಟುಗಳು ಒಣಗುತ್ತವೆ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಥ್ರಾಟಲಿನ ಬಿಲ್ಲೆ ಕೂದಲೆಳೆಯಷ್ಟು ತೆರೆದುಕೊಂಡರೂ ಸಾಕು, ನಿಂತಲ್ಲಿ ಎಂಜಿನ್ ತೇಕತೊಡಗುತ್ತದೆ. ಸರಳು ಸಿಕ್ಕಿಕೊಂಡು ಹೊರಗಿನವು ಮುಚ್ಚದೇ ಹೋದರೆ ಅದು ತೇಕಾಟವಲ್ಲ, ಅಪಾಯ. ಇದಲ್ಲದೆ ಸೀಸ ಬೆರೆತ ಪೆಟ್ರೋಲನ್ನು ನಂಬಿ ಕಟ್ಟಿದ ಎಂಜಿನುಗಳಿವು. ೧೯೯೬ರಿಂದ ಅಮೆರಿಕದ ರಸ್ತೆ ವಾಹನಗಳಿಗೆ ಅದು ನಿಷಿದ್ಧ. ಆದ್ದರಿಂದ ಎಂಜಿನನ್ನು ಬಿಚ್ಚಿದಾಗ ವಾಲ್ವುಗಳ ಪೀಠಗಳಿಗೆ ಗಡಸು ಲೋಹದ ಉಂಗುರ ಕೂರಿಸುವುದು ವಾಡಿಕೆಯಾಗಿದೆ.

ಬೇಸತ್ತವರು ಮೂರನ್ನೂ ಕಳಚಿ ನಾಲ್ಕು ಕೊರಳಿನ ಒಂದನ್ನೋ ಇಂಧನ ಚಿಮ್ಮಿಸುವ ವಿದ್ಯುನ್ಮಾನ ಸಾಧನವನ್ನೋ ಹಾಕಿಕೊಳ್ಳುತ್ತಾರೆ. ಒಂದೇ ಕಾರ್ಬುರೇಟರಿನೊಡನೆ ಹುಟ್ಟಿದ ಕಾರಿನ ಒಡೆಯರಾದರೋ ಅಷ್ಟೇ ಉತ್ಸಾಹದಿಂದ ಮೂರರ ಜೋಡಣೆಯನ್ನು ಕೊಂಡು ತರುತ್ತಾರೆ! ಇದನ್ನು ಕಂಡು ಮೂಲರೂಪದ ಆರಾಧಕರು ಮುನಿಯುವುದುಂಟು. ಆದರೆ ತಿದ್ದುಪಡಿ ಇಂದಿನ ಚಾಳಿಯಲ್ಲ. ಮಿಷಿಗನ್ ರಾಜ್ಯದ ರಾಯಲ್ ಓಕ್‌ನಲ್ಲಿದ್ದ ರಾಯಲ್ ಪಾಂಟಿಯಾಕ್ ಎಂಬ ಮಾರಾಟ ಮಳಿಗೆ, ಕಾರು ಹೊಸದಾಗಿದ್ದ ಕಾಲದಲ್ಲೇ ತೆಳುವಾದ ಹೆಡ್ ಗ್ಯಾಸ್ಕೆಟ್, ಬದಲಾದ ಜೆಟ್ಟುಗಳಿಂದ ಅದರ ಬಲವನ್ನು ಹೆಚ್ಚಿಸಿ ಕೊಡುತ್ತಿತ್ತು. ೧೯೬೪ರ ಮಾರ್ಚ್ ತಿಂಗಳ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ, ಜಿ.ಟಿ.ಒ. ಕಾರು ಸೊನ್ನೆಯಿಂದ ಗಂಟೆಗೆ ೬೦ ಮೈಲಿ ವೇಗವನ್ನು ೪.೬ ಸೆಕೆಂಡುಗಳಲ್ಲಿ ಮುಟ್ಟಿತೆಂದು ಬರೆದು ದೇಶವನ್ನೇ ಬೆರಗುಗೊಳಿಸಿತು. ಆ ಕಾರಿನ ಒಳಗಿದ್ದುದು ೩೮೯ ಅಲ್ಲ, ಗುಟ್ಟಾಗಿ ಬದಲಿಸಿದ ೪೨೧ ಘನ ಅಂಗುಲದ ಎಂಜಿನ್ ಎಂಬುದನ್ನು ಪಾಂಟಿಯಾಕಿನ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಹಲವು ದಶಕಗಳ ಬಳಿಕ ಒಪ್ಪಿಕೊಂಡರು.

ತಿದ್ದುವುದರಲ್ಲಿ ದೋಷವಿಲ್ಲ; ತಿದ್ದಿದ್ದನ್ನು ಮುಚ್ಚಿಡುವುದರಲ್ಲಿದೆ ಎಂಬುದು ನಮ್ಮ ಎಣಿಕೆ. ಏಕೆಂದರೆ ಇಂದು ಇಲ್ಲಿ ದೊಡ್ಡ ಹಣವಿದೆ. ಕಾರ್ಖಾನೆಯಿಂದಲೇ ಮೂರು ಕಾರ್ಬುರೇಟರ್‌ಗಳೊಡನೆ ಬಂದ ಕಾರಿಗೂ ಆಮೇಲೆ ಹಾಗೆ ಮಾಡಿಕೊಂಡ ಕಾರಿಗೂ ಬೆಲೆಯಲ್ಲಿ ಬಹಳ ಅಂತರ. ೧೯೬೪ ಮತ್ತು ೧೯೬೫ರ ಜಿ.ಟಿ.ಒ. ಬರೀ ‘ಸೌಲಭ್ಯ’ವಾಗಿದ್ದುದರಿಂದ ವಾಹನದ ಗುರುತಿನ ಸಂಖ್ಯೆಯಲ್ಲಿ ಅದರ ಸುಳಿವೇ ಇಲ್ಲ, ಅದು ಸ್ವತಂತ್ರ ಮಾದರಿಯಾದದ್ದು ೧೯೬೬ರಲ್ಲಿ. ಅಂದು ನಿಯಮದ ಕಣ್ಣು ತಪ್ಪಿಸಲು ಹೂಡಿದ ಉಪಾಯ ಇಂದು ನಕಲಿ ಮಾಡುವವರಿಗೆ ವರವಾಗಿದೆ. ಸಾಧಾರಣ ಲೆಮಾನ್ಸ್ ಕಾರಿಗೆ ಲಾಂಛನ ಅಂಟಿಸಿ ಮಾರಿದರೆ ಅರಿಯದವನು ಮೋಸಹೋಗುತ್ತಾನೆ. ಕಾರ್ಖಾನೆಯ ಮೂಲ ಬಿಲ್ಲಿನ ಪ್ರತಿಗಳನ್ನು ಒದಗಿಸುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಇರುವುದರಿಂದ, ಹಣ ಎಣಿಸುವ ಮೊದಲು ಆ ಕಾಗದವನ್ನು ತರಿಸಿಕೊಳ್ಳುವುದು ಲೇಸು.

ಇನ್ನು ಬಲ ಹೆಚ್ಚಿಸುವುದಕ್ಕಿಂತ ಮೊದಲು ಆಗಬೇಕಾದ ತಿದ್ದುಪಡಿಯೊಂದಿದೆ. ಮುನ್ನೂರಕ್ಕೂ ಮಿಕ್ಕಿದ ಅಶ್ವಶಕ್ತಿಯ ೧೯೬೪ರ ಆ ಕಾರಿಗೆ ನಾಲ್ಕು ಚಕ್ರಗಳಲ್ಲೂ ಒಂಬತ್ತೂವರೆ ಅಂಗುಲದ ಡ್ರಮ್ ಬ್ರೇಕುಗಳು. ಎರಡು ಮೂರು ಬಾರಿ ಜೋರಾಗಿ ತುಳಿದರೆ ಕಾದು ಸೋಲುತ್ತವೆ. ಬ್ರೇಕಿನ ದ್ರವ ಇರುವುದು ಒಂದೇ ಕೋಣೆಯಲ್ಲಿ; ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕು ಚಕ್ರಗಳೂ ಸ್ವತಂತ್ರ. ಎರಡು ಕೋಣೆಯ ಸಿಲಿಂಡರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಈ ಕಾರಿಗೆ ದೊರೆತದ್ದು ೧೯೬೭ರಲ್ಲಿ. ಅವನ್ನು ಹಳೆಯ ಕಾರಿಗೆ ಕೂರಿಸಲು ಚಾಸಿಯನ್ನು ಕೊರೆಯಬೇಕಿಲ್ಲ, ಬೆಸುಗೆ ಬೇಕಿಲ್ಲ. ಹೆಗಲನ್ನು ಬಿಗಿಯುವ ಸೀಟ್ ಬೆಲ್ಟನ್ನೂ ಹಾಕಿಸಿಕೊಳ್ಳಬಹುದು. ಪ್ರದರ್ಶನದಲ್ಲಿ ತೀರ್ಪುಗಾರರು ಒಂದೆರಡು ಅಂಕ ಕಳೆದಾರು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಅದು ಲೆಕ್ಕವೇ? ಕಳಚಿದ ಡ್ರಮ್ಮುಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ, ಕಾರಿನ ಕಾಗದಪತ್ರಗಳ ಜೊತೆಗೇ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಸರಿ. ಮುಂದೆ ಕೊಳ್ಳುವವನು ಬೇಕೆಂದರೆ ಅವನ್ನೇ ತೊಡಿಸಿಕೊಳ್ಳಲಿ.