ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಇಂಗ್ಲಿಷ್ ಸಾಮರ್ಥ್ಯ: ಅಳತೆಯ ಪ್ರಶ್ನೆ

ಪ್ರೌಢಶಾಲೆಯನ್ನು ಮುಗಿಸಿ ಪದವಿಪೂರ್ವ ವಿಜ್ಞಾನ ತರಗತಿಗೆ ಸೇರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯಗಳನ್ನು ಎದುರಿಸಬೇಕಾಗುತ್ತದೆ. ಅವರ ಸಿದ್ಧತೆಯನ್ನು ಅಳೆಯುವ ಪರೀಕ್ಷೆಯು ನಿಜವಾಗಿ ಅಳೆಯುವುದಾದರೂ ಏನನ್ನು?

ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ (2007ರಿಂದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) 1963ರಲ್ಲಿ ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯೂ ಸ್ಥಾಪಿತವಾದ ಮೇಲೆ ಅಧ್ಯಾಪಕರ ತರಬೇತಿಗೆ ಶಾಸ್ತ್ರೀಯ ನೆಲೆ ದೊರೆಯಿತು. ಎರಡು ಭಾಷೆಗಳು ಭಿನ್ನವಾಗುವ ಎಡೆಗಳನ್ನೇ ಪರೀಕ್ಷಿಸಬೇಕೆಂಬುದು ರಾಬರ್ಟ್ ಲಾಡೊ 1961ರಲ್ಲಿ ಮಂಡಿಸಿದ ನಿಲುವು. ಕನ್ನಡದಲ್ಲಿ 'ದಿ'ಗೆ ಸಮನಾದ ಪದವಿಲ್ಲ. ಇಂಗ್ಲಿಷಿನ ಪೂರ್ವಸರ್ಗಗಳ ಕೆಲಸವನ್ನು ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳು ನಿರ್ವಹಿಸುತ್ತವೆ. ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯಾಂತ್ಯದಲ್ಲಿ ಬರುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು ಈ ತೊಡಕುಗಳನ್ನು ತೋರಿಸಬಲ್ಲವು. ಆದರೆ 'ದಿ'ಯನ್ನು ಬಿಟ್ಟು ಬರೆಯುವವರು ಪಾಠದ ಅರ್ಥವನ್ನು ಪೂರ್ಣವಾಗಿ ಗ್ರಹಿಸಿರಲೂಬಹುದು.

ಈ ಅಂತರವನ್ನು ಎನ್. ಎಸ್. ಪ್ರಭು ಅವರ 'ಬೆಂಗಳೂರು ಯೋಜನೆ' (1979–84) ಸ್ಪಷ್ಟಪಡಿಸುತ್ತದೆ. ಅಲ್ಲಿ ವ್ಯಾಕರಣದ ಪಠ್ಯಕ್ರಮವಿರಲಿಲ್ಲ. ನಕಾಶೆ, ವೇಳಾಪಟ್ಟಿಗಳನ್ನು ಆಧರಿಸಿದ ಸಮಸ್ಯೆಗಳನ್ನು ಬಿಡಿಸುವುದೇ ಪಾಠವಾಗಿತ್ತು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ವಾಕ್ಯರಚನೆಯ ಪರೀಕ್ಷೆಯಲ್ಲಿ ರೂಢಿಯ ತರಗತಿಗಳು ಮುಂದಿದ್ದರೆ, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಯೋಜನೆಯ ತರಗತಿಗಳು ಮುಂದಿದ್ದವು. ಅಳತೆಗೋಲು ಬದಲಾದಂತೆ 'ಸಮರ್ಥ'ರೂ ಬದಲಾಗುತ್ತಾರೆಂಬುದು ಇದರಿಂದ ವಿದಿತವಾಗುತ್ತದೆ.

ಆದ್ದರಿಂದ ಓದಿನ ಗ್ರಹಿಕೆಯನ್ನೂ ಬರವಣಿಗೆಯ ಶುದ್ಧಿಯನ್ನೂ ಬೇರೆಬೇರೆಯಾಗಿ ಅಳೆದು, ಅಂಕಗಳನ್ನೂ ಪ್ರತ್ಯೇಕವಾಗಿ ನಮೂದಿಸುವುದು ಯುಕ್ತ. ಗ್ರಹಿಕೆಯ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಲು ಅವಕಾಶವಿತ್ತರೆ, ಬರೆಯಲಾರದವರನ್ನು ತಿಳಿಯಲಾರದವರೆಂದು ಎಣಿಸುವ ಅನ್ಯಾಯವು ತಪ್ಪುತ್ತದೆ.