ಮೌನವೆಲ್ಲ ವೈರಾಗ್ಯವಲ್ಲ

ಅಕ್ಕಲಕೋಟೆ ಕಡೆಯ ಒಂದು ಬಟ್ಟೆ ಅಂಗಡಿ. ಯಜಮಾನರಿಗೆ ಐವತ್ತೆರಡು ವರ್ಷ. ಮೂವತ್ತು ವರ್ಷ ಗಾದಿಯ ಮೇಲೆ ಕುಳಿತು, ಬಂದವರನ್ನು ಕನ್ನಡದಲ್ಲೂ ಮರಾಠಿಯಲ್ಲೂ ನಗುನಗುತ್ತ ಮಾತಾಡಿಸಿದವರು. ಎರಡು ವರ್ಷ ಮಳೆ ಕೈಕೊಟ್ಟು ಉದ್ರಿ ನಿಂತಿತು. ಮಗ ಪುಣೆಯಲ್ಲೇ ನೌಕರಿ ಹಿಡಿದ. ಕ್ರಮೇಣ ಯಜಮಾನರ ಮಾತು ಕಡಿಮೆಯಾಯಿತು. ಅಂಗಡಿ ಬಿಟ್ಟು ಬಸದಿಯಲ್ಲಿ ಕೂಡತೊಡಗಿದರು. ವಾರಕ್ಕೆ ಎರಡು ಮೂರು ಉಪವಾಸ. “ವೈರಾಗ್ಯ ಬಂದಿದೆ, ಪುಣ್ಯವಂತರು” ಎಂದು ಊರ ಶ್ರಾವಕರು ಹೊಗಳಿದರು. ನಾವೂ ಹಾಗೆಯೇ ಅಂದುಕೊಂಡೆವು.

ನಿಜ ತಿಳಿದದ್ದು ಮನೆಯೊಡತಿಗೆ. ಅವರು ರಾತ್ರಿ ಎರಡು ಗಂಟೆಗೇ ಎದ್ದು ಕೂಡುತ್ತಿದ್ದರು. ಕೈಯಲ್ಲಿ ಸ್ವಾಧ್ಯಾಯದ ಪುಸ್ತಕವಿದ್ದರೂ ಪುಟ ತಿರುವುತ್ತಿರಲಿಲ್ಲ. ಒಂದು ದಿನ ತಿಜೋರಿಯ ಕೀಲಿಕೈಯನ್ನು ತಮ್ಮನ ಕೈಗಿಟ್ಟು, “ಇನ್ನ ನೀನೇ ನೋಡ್ಕೋ, ನಾ ಇದ್ದು ಯಾರಿಗೇನು?” ಎಂದರು. ಆ ತಾಯಿ ಅಂದೇ ಮೈದುನನನ್ನು ಕರೆದು ಹೇಳಿದರು: “ಇದು ಧರ್ಮ ಅಲ್ಲಪ್ಪಾ, ಇವರಿಗೆ ಜಡ್ಡು ಆಗೇದ. ನಾಳೇನೇ ಸೊಲ್ಲಾಪುರಕ್ಕ ಕರಕೊಂಡು ಹೋಗೂಣು.”

ಶಾಸ್ತ್ರದ ಮಾತು

ವೈರಾಗ್ಯಕ್ಕೂ ಖಿನ್ನತೆಗೂ ಇರುವ ಅಂತರವನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ತತ್ತ್ವಾರ್ಥಸೂತ್ರದಲ್ಲಿ ಧರ್ಮಧ್ಯಾನ ಬೇರೆ, ಆರ್ತಧ್ಯಾನ ಬೇರೆ. ಪ್ರಿಯವಾದುದು ದೂರವಾದಾಗಿನ ಕೊರಗು, ಬೇಡವಾದುದು ಬಂದೊದಗಿದಾಗಿನ ಸಂಕಟ, ವೇದನೆಯ ಚಿಂತೆ, ಇವು ಆರ್ತಧ್ಯಾನದ ಬಗೆಗಳು. ವೈರಾಗ್ಯ ಮನಸ್ಸನ್ನು ಹಗುರ ಮಾಡುತ್ತದೆ, ಖಿನ್ನತೆ ಹಿಂಡುತ್ತದೆ. ಇನ್ನೂ ಒಂದು ಮಾತು. ಬದುಕು ಬೇಸರವಾಗಿ ಸಾವನ್ನು ಬಯಸುವುದು ಸಲ್ಲೇಖನವಲ್ಲ. ‘ಮರಣಾಶಂಸೆ’, ಅಂದರೆ ಸಾವಿನ ಬಯಕೆ, ಸಲ್ಲೇಖನದ ಐದು ಅತಿಚಾರಗಳಲ್ಲಿ ಒಂದೆಂದು ಅದೇ ಗ್ರಂಥ ಹೇಳುತ್ತದೆ. ಹೀಗಿರುವಾಗ ಸಂಕಟದಲ್ಲಿರುವವರ ಉಪವಾಸವನ್ನು ಹೊಗಳಿ ನಾವು ಅವರನ್ನು ಇನ್ನಷ್ಟು ಆಳಕ್ಕೆ ನೂಕಬಾರದು.

ಮುಚ್ಚಿಡುವುದೇಕೆ?

“ಹೊರಗೆ ತಿಳಿದರೆ ಹುಡುಗಿಯ ಸಂಬಂಧ ತಪ್ಪೀತು, ಪೇಟೆಯಲ್ಲಿ ಪತ್ತು ಹೋದೀತು.” ಇದು ಮನೆಮನೆಯ ಅಂಜಿಕೆ. ಪೂರ್ವಕರ್ಮವೆಂದು ಕೈಚೆಲ್ಲುವವರೂ ಇದ್ದಾರೆ. ಜ್ವರ ಬಂದವನಿಗೆ ಕರ್ಮದ ಲೆಕ್ಕ ಕೇಳದೆ ಔಷಧ ಕೊಡಿಸುವ ನಾವು, ಇಲ್ಲಿ ಮಾತ್ರ ಏಕೆ ಕೇಳಬೇಕು? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಒಂದು ಮನೆಯ ಕಳಂಕವಲ್ಲ.

ಚಿಕಿತ್ಸೆಗೆ ಹೋಗುವಾಗ

ಆ ಯಜಮಾನರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೆ ವ್ಯಾಪಾರದ ಮಾತು ಬೇರೆ, ಮನದ ದುಃಖ ಬೇರೆ. ಡಾಕ್ಟರರು “ಕನ್ನಡದಾಗೇ ಹೇಳ್ರಿ” ಎಂದ ಮೇಲೆ ಕಣ್ಣೀರು ಬಂತು, ಮಾತೂ ಬಂತು. ಕನ್ನಡ ಬಲ್ಲ ವೈದ್ಯರನ್ನು ಕೇಳಿ ಹೋಗಿರಿ. ಸಿಗದಿದ್ದರೆ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಖಿನ್ನತೆಯ ಔಷಧದ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗುಣವಾಯಿತೆಂದು ತಾವಾಗಿ ನಿಲ್ಲಿಸಬಾರದು. ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ, ನೀರು ಮುಟ್ಟುವುದಿಲ್ಲ ಎಂಬುದನ್ನು ಮೊದಲೇ ಹೇಳಿದರೆ ವೈದ್ಯರು ಗುಳಿಗೆಯ ವೇಳೆಯನ್ನು ಹೊಂದಿಸಬಲ್ಲರು. ಕ್ಯಾಪ್ಸೂಲಿನ ಹೊದಿಕೆ ಬೇಡವಾದರೆ ಬದಲಿ ಮಾತ್ರೆ ಕೇಳಬಹುದು. ಲಿಥಿಯಂ ತೆಗೆದುಕೊಳ್ಳುವವರು ನಿರ್ಜಲ ಉಪವಾಸ ಮಾಡುವುದು ಅಪಾಯ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ದಶಲಕ್ಷಣ ಪರ್ವದ ವ್ರತ ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು.

ದೂರದ ಹಳ್ಳಿಯವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಫೋನ್ ಮಾಡಬಹುದು. ಭಾಷೆ ಆರಿಸಿಕೊಳ್ಳಲು ಅವಕಾಶವಿದೆ, ಕನ್ನಡವೂ ಉಂಟು. ಸಾವಿನ ಮಾತಾಡುವವರನ್ನು “ಅಂಥ ವಿಚಾರ ಬರುತ್ತದೆಯೇ?” ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ವಿಚಾರ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅಂಥವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ‘ಉಪಗೂಹನ’ವೂ ಇದೆ, ‘ಸ್ಥಿತಿಕರಣ’ವೂ ಇದೆ. ಪರರ ದೋಷವನ್ನು ಮುಚ್ಚುವುದು ಮೊದಲನೆಯದು, ಜಾರುವವರನ್ನು ಕೈಹಿಡಿದು ನಿಲ್ಲಿಸುವುದು ಎರಡನೆಯದು. ರೋಗ ದೋಷವಲ್ಲ, ಅದನ್ನು ಮುಚ್ಚಬೇಕಾಗಿಲ್ಲ. ಇಲ್ಲಿ ಬೇಕಾದದ್ದು ಸ್ಥಿತಿಕರಣವೇ.

ಆ ಯಜಮಾನರು ಈಗ ಮತ್ತೆ ಗಾದಿಯ ಮೇಲಿದ್ದಾರೆ. ಗುಳಿಗೆಯೂ ನಡೆದಿದೆ, ದಿನದ ಪೂಜೆಯೂ ನಡೆದಿದೆ. ಕಳೆದ ಕ್ಷಮಾವಣಿಯಂದು ನಾವು ಅವರ ಮನೆಗೆ ಹೋದಾಗ ಕ್ಷಮೆ ಕೇಳುವ ಸರದಿ ನಮ್ಮದಾಗಿತ್ತು. ನೋವಿನಲ್ಲಿದ್ದವರನ್ನು ಪುಣ್ಯವಂತರೆಂದು ಹೊಗಳಿ ಸುಮ್ಮನಿದ್ದುದಕ್ಕಾಗಿ. ಓದುಗ ಬಂಧುಗಳೇ, ನಿಮ್ಮ ಬಸದಿಯ ಕಂಬಕ್ಕೊರಗಿ ಮೌನವಾಗಿ ಕುಳಿತವರು ಯಾರಾದರೂ ಇದ್ದರೆ, ಜಯಜಿನೇಂದ್ರ ಹೇಳಿ ಮುಂದೆ ಹೋಗಬೇಡಿರಿ. ಪಕ್ಕದಲ್ಲಿ ಕುಳಿತು, “ನಿದ್ದೆ ಬರ್ತದೇನ್ರಿ?” ಎಂದು ಒಮ್ಮೆ ಕೇಳಿರಿ.