ನೆರೆ ಬಂದಿತು, ನೆರೆಹೊರೆ ಹೋಯಿತು

ಹೋಟೆಲಿನ ಗಲ್ಲೆಯ ಮುಂದೆ ಕೆಲಸ ಬೇಡಿ ನಿಲ್ಲುವ ಹುಡುಗನಿಗೆ ಮೊದಲು ಹಾಕುವ ಪ್ರಶ್ನೆ 'ಯಾವ ಊರು?' ಎಂಬುದು. ಕುಂದಾಪುರ, ಕಾರ್ಕಳ, ಉಡುಪಿ ಎಂಬ ಉತ್ತರಗಳಿಗೆ ಒಗ್ಗಿದ್ದ ನಮ್ಮವರ ಕಿವಿಗೆ ಈಚಿನ ವರ್ಷಗಳಲ್ಲಿ ಬೇರೆ ಹೆಸರುಗಳೂ ಬೀಳತೊಡಗಿವೆ: ಕಣ್ಣಗಿ ನಗರ, ಸೆಮ್ಮಂಚೇರಿ, ಪೆರುಂಬಾಕ್ಕಂ. ಈ ಹೆಸರು ಬಂದೊಡನೆ ಪ್ರಶ್ನೆ ಕೇಳಿದವರ ಮುಖ ಬಿಗಿಯುವುದುಂಟು. 'ಆ ಕಡೆಯ ಹುಡುಗರು ಸರಿಯಿಲ್ಲ' ಎಂಬ ಮಾತು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಬಾಯಿಂದ ಬಾಯಿಗೆ ಸಾಗಿದೆ. ಈ ಮಾತು ಎಷ್ಟರಮಟ್ಟಿಗೆ ದಿಟ, ದಿಟವಿದ್ದಲ್ಲಿ ಅದಕ್ಕೆ ಕಾರಣವೇನು ಎಂಬುದನ್ನು ಕೊಂಚ ವಿಚಾರಿಸೋಣ.

ಈ ಹುಡುಗರು ಪರವೂರಿನವರಲ್ಲ, ಹುಟ್ಟಾ ಮದರಾಸಿನವರು. ಅವರ ಹಿರಿಯರು ಅಡ್ಯಾರ್ ಮತ್ತು ಕೂವಂ ನದಿಗಳ ದಂಡೆಯಲ್ಲಿಯೋ, ಬಕಿಂಗ್‌ಹ್ಯಾಂ ಕಾಲುವೆಯ ಬದಿಯಲ್ಲಿಯೋ, ಕಡಲ ತಡಿಯಲ್ಲಿಯೋ ಗುಡಿಸಲು ಹಾಕಿಕೊಂಡು ಎರಡು ಮೂರು ತಲೆಮಾರು ಬಾಳಿದವರು. ಇಂಥವರನ್ನು ನಗರದ ನಡುವಿನಿಂದ ದಕ್ಷಿಣದ ಅಂಚಿನ ಕಣ್ಣಗಿ ನಗರಕ್ಕೆ ಒಯ್ಯುವ ಕಾರ್ಯ 2000ನೆಯ ಇಸವಿಯಲ್ಲಿ ಮೊದಲಾಯಿತು. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ಕಡಲ ತಡಿಯ ಹಲವು ಕುಟುಂಬಗಳು ಅಲ್ಲಿಗೂ ಸೆಮ್ಮಂಚೇರಿಗೂ ಹೋದುವು. ಬಳಿಕ ಬಂದದ್ದು 2015ರ ಡಿಸೆಂಬರ್ 1ರ ಮಹಾಮಳೆ. ತಾಂಬರಂನಲ್ಲಿ ಒಂದೇ ದಿನದಲ್ಲಿ 49 ಸೆಂಟಿಮೀಟರ್ ಮಳೆ ಸುರಿದು, ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿಯಷ್ಟು ನೀರನ್ನು ಹೊರಬಿಟ್ಟ ಆ ರಾತ್ರಿಯಲ್ಲಿ ಸೈದಾಪೇಟೆ, ಕೋಟ್ಟೂರುಪುರಂ, ಜಾಫರ್‌ಖಾನ್‌ಪೇಟೆಗಳು ಮುಳುಗಿದ್ದನ್ನು ನಮ್ಮ ಓದುಗರು ಮರೆತಿರಲಾರರು. ನದಿಯ ದಂಡೆ ಇನ್ನು ವಾಸಕ್ಕೆ ತಕ್ಕುದಲ್ಲವೆಂದು ಹೇಳಿ ಸರಕಾರವು ಅಲ್ಲಿನ ಕುಟುಂಬಗಳನ್ನು ಪೆರುಂಬಾಕ್ಕಂನ ಬಹುಮಹಡಿ ಕಟ್ಟಡಗಳಿಗೆ ಸಾಗಿಸತೊಡಗಿತು. ಈ ಮೂರು ಬಡಾವಣೆಗಳಲ್ಲಿ ಕಟ್ಟಿದ ಮನೆಗಳನ್ನು ಕೂಡಿಸಿದರೆ ನಾಲ್ವತ್ತು ಸಾವಿರವನ್ನು ಮೀರುತ್ತದೆ. ಒಂದು ಪಟ್ಟಣವೇ ಎದ್ದು ನಡೆದಂತಾಯಿತು.

ತಿಂಗಳು ಡಿಸೆಂಬರ್ ಎಂಬುದನ್ನು ನೆನಪಿನಲ್ಲಿಡಬೇಕು. ಶಾಲೆಯ ವರ್ಷ ಅರ್ಧ ಕಳೆದಿರುತ್ತದೆ, ಪರೀಕ್ಷೆಗೆ ಮೂರು ನಾಲ್ಕು ತಿಂಗಳು ಮಾತ್ರ ಉಳಿದಿರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಸೈದಾಪೇಟೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಪುಸ್ತಕ, ಸಮವಸ್ತ್ರ, ರೇಷನ್ ಕಾರ್ಡು ಎಲ್ಲವೂ ನೀರುಪಾಲಾಗಿವೆ. ಲಾರಿಯೊಂದು ಬಂದು ಪಾತ್ರೆ ಪರಡಿಗಳೊಡನೆ ಅವನನ್ನು ಇಪ್ಪತ್ತು ಕಿಲೋಮೀಟರ್ ಆಚೆಗೆ ಇಳಿಸುತ್ತದೆ. ಐದನೆಯ ಮಹಡಿಯಲ್ಲಿ ನಾನೂರು ಚದರ ಅಡಿಯ ಒಂದು ಮನೆ. ಗೋಡೆ ಗಟ್ಟಿಯಾದುದು, ಛಾವಣಿ ಸೋರದು. ಇದು ಸಣ್ಣ ಉಪಕಾರವಲ್ಲ, ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಶಾಲೆಗೆ ಹೋಗಬೇಕಾದರೆ ನಸುಕಿನಲ್ಲಿ ಎದ್ದು ಬಸ್ಸು ಹಿಡಿಯಬೇಕು. ಹೊಸ ಶಾಲೆಗೆ ಸೇರಬೇಕಾದರೆ ವರ್ಷದ ನಡುವೆ ಪರಿಚಯವಿಲ್ಲದ ಮಕ್ಕಳ ನಡುವೆ ಹೋಗಿ ಕುಳಿತುಕೊಳ್ಳಬೇಕು. ಮೊದಲ ವಾರ ಬಸ್ಸು ತಪ್ಪುತ್ತದೆ, ಎರಡನೆಯ ವಾರ ಮೇಷ್ಟ್ರು ಗದರುತ್ತಾರೆ, ಮೂರನೆಯ ವಾರ ಹುಡುಗ ಶಾಲೆಯ ದಾರಿಯನ್ನೇ ಬಿಡುತ್ತಾನೆ. ಇಂಥ ಬಡಾವಣೆಗಳಲ್ಲಿ ಸಮೀಕ್ಷೆ ನಡೆಸಿದವರು ಶಾಲೆ ಬಿಟ್ಟ ಮಕ್ಕಳ ಸಂಗತಿಯನ್ನು ಮತ್ತೆ ಮತ್ತೆ ಬರೆದಿರುವರು.

ಶಾಲೆಗಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ನದಿಯ ದಂಡೆಯ ಓಣಿಯಲ್ಲಿ ಹುಡುಗನೊಬ್ಬ ಬೀಡಿ ಹಚ್ಚಿದರೆ ಆ ಸುದ್ದಿ ಹೊಗೆಗಿಂತ ಮೊದಲು ಮನೆಗೆ ಮುಟ್ಟುತ್ತಿತ್ತು. ಇಡ್ಲಿ ಮಾರುವ ಅಜ್ಜಿ, ಸೈಕಲ್ ಅಂಗಡಿಯವನು, ಎದುರು ಗುಡಿಸಲಿನ ಸೋದರತ್ತೆ, ಎಲ್ಲರೂ ಅವನ ಹೆಸರು ಹಿಡಿದು ಕೂಗಬಲ್ಲವರು, ಅಗತ್ಯ ಬಿದ್ದರೆ ಕಿವಿ ಹಿಂಡಬಲ್ಲವರು. ತಾಯಿ ಮೂರು ಮನೆಗಳ ಮುಸುರೆ ತಿಕ್ಕಲು ಹೋದರೂ ಅವು ಕೂಗಳತೆಯ ದೂರದಲ್ಲಿದ್ದುವು. ಮಧ್ಯಾಹ್ನ ಒಮ್ಮೆ ಬಂದು ಒಲೆ ಹಚ್ಚಿ ಹೋಗುವಳು. ಪೆರುಂಬಾಕ್ಕಂಗೆ ಹೋದ ಮೇಲೆ ಆ ಮೂರು ಮನೆಗಳು ಹಿಂದೆಯೇ ಉಳಿದುವು. ಮುಂಜಾನೆ ಹೊರಟ ತಾಯಿ ಮನೆ ಸೇರುವುದು ಕತ್ತಲಾದ ಮೇಲೆಯೇ. 2021ರ ಮೇ ತಿಂಗಳಿಂದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಾದುದರಿಂದ ಅವಳಿಗೆ ಹಣ ಉಳಿಯಿತು; ಹೊತ್ತು ಉಳಿಯಲಿಲ್ಲ. ಮೆಟ್ಟಿಲಿನ ಎಡಕ್ಕೆ ಕೂವಂ ದಂಡೆಯವರು, ಬಲಕ್ಕೆ ಇನ್ನೆಲ್ಲಿಂದಲೋ ಬಂದವರು. ಹುಡುಗನ ಹೆಸರು ಬಲ್ಲವರು ಆ ಮಹಡಿಯಲ್ಲಿ ಯಾರೂ ಇಲ್ಲ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಹದಿನಾಲ್ಕರ ಹುಡುಗ ತನಗೆ ತಾನೇ ಯಜಮಾನನಾದನು. ಅವನಂತೆ ದಿಕ್ಕುಗಾಣದ ಹತ್ತು ಹುಡುಗರು ಕೆಳಗೆ ಕಟ್ಟೆಯ ಮೇಲೆ ಕುಳಿತಿರುವರು. ಅವರು ಕರೆದರೆ ಅವನು ಹೋಗದೆ ಇರುವನೇ? ಅವನ ಸ್ವಭಾವ ಕೆಟ್ಟಿತೆಂದು ಹೇಳುವವರು ಅವನನ್ನು ಕಾಯುತ್ತಿದ್ದ ಕಣ್ಣುಗಳು ಎಲ್ಲಿ ಹೋದುವೆಂದು ಕೇಳುವುದಿಲ್ಲ.

ನಮ್ಮವರಿಗೆ ಇದು ಅರ್ಥವಾಗದ ಸಂಗತಿಯೇನೂ ಅಲ್ಲ. ಒಂದು ಕಾಲದಲ್ಲಿ ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರರ ಹುಡುಗರು ಟ್ರಂಕು ಹೊತ್ತು ಈ ಊರಿಗೆ ಬಂದು ಲೋಟ ತೊಳೆದರು. ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕಡಂದಲೆಯ ಕೃಷ್ಣರಾಯರೂ ಎಳೆಯ ವಯಸ್ಸಿನಲ್ಲಿ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಅಂದು ಆ ಹುಡುಗರನ್ನು ಕಾಪಾಡಿದ್ದು ಯಾವುದು? ಧಣಿಯ ಮನೆ ಊರಿನಲ್ಲಿ ಎರಡು ಗದ್ದೆಗಳಾಚೆ ಇತ್ತು. ಭಟ್ಟರು ಸೋದರಮಾವನ ಕಡೆಯ ನಂಟರಾಗಿದ್ದರು. ತಪ್ಪು ಮಾಡಿದರೆ ವಾರದೊಳಗೆ ಊರಿಗೆ ಕಾಗದ ಹೋಗುತ್ತಿತ್ತು. ಮನೆ ಬಿಟ್ಟರೂ ನೆರೆಹೊರೆ ಅವರ ಜೊತೆಗೇ ಬಂದಿತ್ತು. ಹಾಗೆಂದು ಆ ದಿನಗಳನ್ನು ಹೊಗಳಬೇಕಾಗಿಲ್ಲ. ಓದುವ ವಯಸ್ಸಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕುಳಿತವರ ದುಃಖ ಅವರಿಗೇ ಗೊತ್ತು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ಕಾನೂನು ನಿಷೇಧಿಸಿದೆ. ಅದು ಯುಕ್ತವಾದುದೇ.

ಸ್ಥಳಾಂತರದ ಪರಿಣಾಮವು ವಯಸ್ಸನ್ನು ಹೊಂದಿಕೊಂಡಿರುತ್ತದೆ ಎಂಬುದಕ್ಕೆ ಅಮೆರಿಕದಿಂದ ಒಂದು ಸಾಕ್ಷ್ಯ ದೊರೆಯುತ್ತದೆ. ಅಲ್ಲಿ 1994ರಿಂದ 1998ರವರೆಗೆ ಐದು ಮಹಾನಗರಗಳ ಬಡ ಕೇರಿಗಳ ಸುಮಾರು 4,600 ಕುಟುಂಬಗಳಿಗೆ ಚೀಟಿ ಎತ್ತಿ, ಚೀಟಿ ಬಂದವರಿಗೆ ಒಳ್ಳೆಯ ಕೇರಿಗಳಿಗೆ ಹೋಗಲು ಬಾಡಿಗೆಯ ನೆರವು ನೀಡಿದರು. ಹದಿಮೂರು ತುಂಬುವ ಮೊದಲೇ ಹೋದ ಮಕ್ಕಳು ದೊಡ್ಡವರಾದಾಗ ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ಸಂಪಾದಿಸಿದರು. ಹದಿಹರೆಯದಲ್ಲಿ ಹೋದವರಿಗೆ ಅಂಥ ಲಾಭ ಕಾಣಲಿಲ್ಲ. ಕೊಂಚ ನಷ್ಟವೇ ಆಯಿತು. ಹುಡುಗಿಯರ ಮನಸ್ಸು ಹೊಸ ಕೇರಿಯಲ್ಲಿ ಹಗುರಾದರೆ, ಹುಡುಗರಲ್ಲಿ ಪುಂಡತನ ಹೆಚ್ಚಿದ್ದೂ ಕಂಡುಬಂದಿತು. ಇವರೆಲ್ಲ ಹೋಗಿದ್ದು ಒಪ್ಪಿಗೆಯಿಂದ, ಅದೂ ಉತ್ತಮ ಸ್ಥಳಕ್ಕೆ. ನೀರಿನಿಂದ ಎದ್ದು, ಕೇಳುವವರಿಲ್ಲದ ಕಡೆಗೆ ಲಾರಿ ಏರಿದ ನಮ್ಮೂರಿನ ಹುಡುಗನಿಂದ ಇವರಿಗಿಂತ ಹೆಚ್ಚಿನದನ್ನು ಬಯಸುವುದು ನ್ಯಾಯವೇ?

ಈಗ ಹೆಸರಿನ ಮಾತು. ಕಣ್ಣಗಿ ನಗರದ ವಿಳಾಸ ಬರೆದ ಅರ್ಜಿ ಮೂಲೆಗೆ ಬೀಳುತ್ತದೆಂದು ಅಲ್ಲಿಯವರು ವರ್ಷಗಳಿಂದ ಹೇಳುತ್ತ ಬಂದಿರುವರು. ಕೆಲವರು ನಂಟರ ಮನೆಯ ವಿಳಾಸ ಕೊಟ್ಟು ಕೆಲಸಕ್ಕೆ ಸೇರುವರಂತೆ. ಕಳ್ಳರ ಕೇರಿ ಎಂದು ಹತ್ತು ಬಾರಿ ಕೇಳಿಸಿಕೊಂಡ ಹುಡುಗ ಹನ್ನೊಂದನೆಯ ಬಾರಿ, ಹಾಗೆಯೇ ಆದರಾಯಿತು ಎಂದುಕೊಂಡರೆ ಆ ಪಾಪದಲ್ಲಿ ಕರೆದವರಿಗೂ ಪಾಲುಂಟು. ಅದೇ ಬಡಾವಣೆಯ ಗೋಡೆಗಳ ಮೇಲೆ 2020ರ ಸುಮಾರಿಗೆ ಕಲಾವಿದರು ದೊಡ್ಡ ದೊಡ್ಡ ಚಿತ್ರಗಳನ್ನು ಬರೆದರು. ನೋಡುವುದಕ್ಕೆಂದೇ ಜನ ಅಲ್ಲಿಗೆ ಹೋದರು. 2025ರ ಅಕ್ಟೋಬರಿನಲ್ಲಿ ಬಹರೇನಿನಲ್ಲಿ ನಡೆದ ಏಷ್ಯನ್ ಯುವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ಹುಡುಗಿಯರ ಕಬಡ್ಡಿ ತಂಡದ ಉಪನಾಯಕಿ ಕಾರ್ತಿಕಾ ಕಣ್ಣಗಿ ನಗರದವಳು. ಒಂದು ಬಯಲು, ಹೆಸರು ಹಿಡಿದು ಕರೆಯುವ ಒಬ್ಬ ಗುರು, ದಿನವೂ ಸಂಜೆ ತಪ್ಪದ ಒಂದು ಹೊತ್ತು: ಹದಿಹರೆಯಕ್ಕೆ ಬೇಕಾದ ಸಲಕರಣೆಗಳು ಇಷ್ಟೇ, ಆದರೆ ಮನೆ ಕಟ್ಟುವ ನಕ್ಷೆಯಲ್ಲಿ ಇವು ಕಡೆಯಲ್ಲಿ ಬರುತ್ತವೆ.

ಇನ್ನೊಂದು ವಿಪರ್ಯಾಸವನ್ನು ಹೇಳದಿರಲಾಗದು. ನೆರೆಯ ಭಯದಿಂದ ಜನರನ್ನು ಒಯ್ದು ಇಟ್ಟಿದ್ದು ಪಳ್ಳಿಕರಣೆಯ ಜವುಗು ಭೂಮಿಯ ಸೆರಗಿನಲ್ಲಿ. ಮಳೆಯ ನೀರು ಬಂದು ನಿಲ್ಲುವ ನೆಲ ಅದು. 2022ರಲ್ಲಿ ರಾಂಸಾರ್ ಪಟ್ಟಿಗೂ ಸೇರಿತು. 2015ರಲ್ಲಿಯೇ ಪೆರುಂಬಾಕ್ಕಂನಲ್ಲಿ ನೀರು ನಿಂತಿತ್ತು; ಸೆಮ್ಮಂಚೇರಿಯಲ್ಲಿ ಆಮೇಲೂ ಮೊಣಕಾಲು ಮುಳುಗಿದೆ. ಅದೇ ಜವುಗಿನ ಅಂಚಿನಲ್ಲಿ ಎದ್ದಿರುವ ಗಾಜಿನ ಕಟ್ಟಡಗಳನ್ನು ಯಾರೂ ಎಬ್ಬಿಸಲಿಲ್ಲ. ದೊಡ್ಡವರ ಮಾತಿನಲ್ಲಿ ನಂಬಿಕೆಯಿಲ್ಲದೆ ಹುಡುಗರು ಬೆಳೆಯುತ್ತಿರುವರು ಎಂದು ದೂರುವವರು ಇದನ್ನೂ ಗಮನಿಸಬಹುದು.

ಗುಮಾಸ್ತೆಯ ಕೆಲಸದಲ್ಲಿರುವ ನಮ್ಮ ಓದುಗರಲ್ಲಿಯೂ 2015ರ ತರುವಾಯ ಪಶ್ಚಿಮ ಮಾಂಬಲಂ, ವೇಳಚ್ಚೇರಿ, ಮುಡಿಚ್ಚೂರುಗಳ ತಗ್ಗಿನ ಮನೆಗಳನ್ನು ಬಿಟ್ಟು ಎತ್ತರದ ಕಡೆಗೆ ಹೋದವರು ಇರಬಹುದು. ಮುಂದಿನ ಮಳೆಗಾಲಕ್ಕೆ ಮೊದಲು ಹೋಗಬೇಕೆಂದಿರುವವರೂ ಇರಬಹುದು. ಮನೆಯಲ್ಲಿ ಹನ್ನೆರಡು ದಾಟಿದ ಮಕ್ಕಳಿದ್ದರೆ ಸಾಧ್ಯವಾದಮಟ್ಟಿಗೆ ಮೇ ತಿಂಗಳಲ್ಲಿ ಹೋಗಿರಿ. ನಡುವೆ ಹೋಗಲೇಬೇಕಾದರೆ ವರ್ಷ ಮುಗಿಯುವವರೆಗೆ ಹಳೆಯ ಶಾಲೆಯನ್ನು ಬಿಡಿಸಬೇಡಿರಿ. ಆ ಕೇರಿಯಲ್ಲಿ ನಂಟರಿದ್ದರೆ ಮೂರು ತಿಂಗಳು ಮಗನನ್ನು ಅವರಲ್ಲಿ ಬಿಡುವುದೂ ಲೇಸು. ಹೊಸ ಮನೆಯನ್ನು ಗೊತ್ತುಮಾಡುವ ಮೊದಲು ಮಕ್ಕಳನ್ನೂ ಒಮ್ಮೆ ಕರೆದೊಯ್ದು ತೋರಿಸಿರಿ. ಹುಡುಗ ಮಾತು ಕಡಿಮೆ ಮಾಡಿದರೆ, ಸಂಜೆ ತಡವಾಗಿ ಬಂದರೆ, ಬೆತ್ತ ಹುಡುಕುವುದಕ್ಕೆ ಮುಂಚೆ ಹಳೆಯ ಗೆಳೆಯರು ಯಾರಾದರೂ ಈಚೆಗೆ ಬಂದಿದ್ದರೇ ಎಂದು ಕೇಳಿ ನೋಡಿರಿ. ಭಾನುವಾರ ಅವರನ್ನು ಊಟಕ್ಕೆ ಕರೆಯಿರಿ. ಹೋಟೆಲಿನ ಗಲ್ಲೆಯಲ್ಲಿ ಕುಳಿತಿರುವವರಿಗೆ ನಮ್ಮ ವಿಜ್ಞಾಪನೆ ಒಂದೇ: ಹದಿನೆಂಟು ತುಂಬಿದ ಹುಡುಗ ಪೆರುಂಬಾಕ್ಕಂನಿಂದ ಬಂದೆನೆಂದರೆ, ಕಡೆಯ ಬಸ್ಸು ಎಷ್ಟು ಗಂಟೆಗೆಂದು ಅವನನ್ನು ವಿಚಾರಿಸಿ, ಅದಕ್ಕೆ ಹೊಂದುವಂತೆ ಪಾಳಿ ಕೊಡಿರಿ.